ತುರ್ತು ಸಮಯದಲ್ಲಿ ದೊಡ್ಡಾಸ್ಪತ್ರೆಗೆ: ಬೆಳೆಗಾರರು ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ



ಮುಂಗಾರು ಹಿಡಿಯುವ ಮೊದಲೇ ನಾವು ಮೈಲುತುತ್ತ, ಸುಣ್ಣ ತಂದಿಡುತ್ತೇವೆ, ಬಸಿಗಾಲುವೆ ಬಿಡಿಸುತ್ತೇವೆ, ಕೊನೆಗಾರರಿಗೆ ಹೇಳಿಟ್ಟು ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಕೊಳೆ ಕಾಣಿಸಿಕೊಂಡ ಮೇಲೆ ಔಷಧಿ ಹುಡುಕಹೊರಟರೆ ಫಸಲು ಕೈಗೆ ಹತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯವರೊಬ್ಬರಿಗೆ ಇಲ್ಲವೆ ತೋಟದ ಆಳಿಗೆ ಜೀವಕ್ಕೆ ಸಂಚಕಾರ ಬಂದಾಗ ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ವಾಹನದಲ್ಲಿ ಕರೆದೊಯ್ಯಬೇಕೆಂಬುದನ್ನು ಮೊದಲೇ ಯೋಚಿಸಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಆಸ್ಪತ್ರೆ ದೂರ ಎಂಬುದು ಮಲೆನಾಡಿನ ಹಳೆಯ ದೂರು, ನಿಜವಾದ ದೂರು. ಆದರೆ ಹೊತ್ತು ಕಳೆದುಹೋಗುವುದು ರಸ್ತೆಯಲ್ಲಿ ಮಾತ್ರವಲ್ಲ. ಅಂಗಳದಲ್ಲಿ ನಿಂತು ‘ಸ್ವಲ್ಪ ನೋಡೋಣ’ ಎನ್ನುವುದರಲ್ಲಿ, ಜೀಪಿನ ಕೀಲಿ ಹುಡುಕುವುದರಲ್ಲಿ, ಆ ಚಿಕಿತ್ಸೆಯೇ ಇಲ್ಲದ ಆಸ್ಪತ್ರೆಗೆ ಹೋಗಿ ಅಲ್ಲಿಂದ ಮತ್ತೊಂದಕ್ಕೆ ಹೊರಡುವುದರಲ್ಲಿ ಬೆಲೆಬಾಳುವ ಗಂಟೆಗಳು ಜಾರಿಹೋಗುತ್ತವೆ. ರಸ್ತೆಯ ಉದ್ದವನ್ನು ನಾವು ಕಡಿಮೆ ಮಾಡಲಾರೆವು. ಈ ಉಳಿದ ವಿಳಂಬವನ್ನು ಮಾಡಬಲ್ಲೆವು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಯಾವ ಆಸ್ಪತ್ರೆಗೆ?

ಹತ್ತಿರದ ಆಸ್ಪತ್ರೆ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ದೊಡ್ಡ ಆಸ್ಪತ್ರೆಯೂ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆ ಎಂಬ ಮೂರು ಮೆಟ್ಟಿಲುಗಳಲ್ಲಿ ಯಾವುದರಲ್ಲಿ ಏನು ಸಿಗುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ತಾಲ್ಲೂಕು ಆಸ್ಪತ್ರೆಗೆ ಬೇರೆ ಕೆಲಸಕ್ಕೆ ಹೋದಾಗ ಐದು ಪ್ರಶ್ನೆ ಕೇಳಿಕೊಂಡು ಬನ್ನಿ: ಹಾವಿನ ವಿಷಕ್ಕೆ ಮದ್ದು ಸದಾ ಇರುತ್ತದೆಯೇ? ರಾತ್ರಿ ವೈದ್ಯರು ಇರುತ್ತಾರೆಯೇ? ಇ.ಸಿ.ಜಿ. ತೆಗೆಯುತ್ತಾರೆಯೇ? ಸಿ.ಟಿ. ಸ್ಕ್ಯಾನ್ ಇದೆಯೇ? ಉಸಿರಾಟದ ಯಂತ್ರ, ಅಂದರೆ ವೆಂಟಿಲೇಟರ್ ಇದೆಯೇ? ಈ ಐದು ಉತ್ತರಗಳು ಗೊತ್ತಿದ್ದರೆ ಅರ್ಧ ಗೊಂದಲ ಕಳೆದಂತೆ.

ದೊಡ್ಡಾಸ್ಪತ್ರೆ ಎಂದರೆ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಶೃಂಗೇರಿ, ಕೊಪ್ಪದವರಿಗೆ ಶಿವಮೊಗ್ಗ ಇಲ್ಲವೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಮೂಡಿಗೆರೆಯವರಿಗೆ ಚಿಕ್ಕಮಗಳೂರು, ಹಾಸನ, ಇಲ್ಲವೆ ಚಾರ್ಮಾಡಿ ಇಳಿದು ಮಂಗಳೂರು. ಸಕಲೇಶಪುರದವರಿಗೆ ಹಾಸನ ಅಥವಾ ಶಿರಾಡಿ ಮೂಲಕ ಮಂಗಳೂರು. ಕೊಡಗಿನವರಿಗೆ ಮಡಿಕೇರಿ, ಅದರಾಚೆಗೆ ಮೈಸೂರು ಅಥವಾ ಸಂಪಾಜೆ ದಾರಿಯಾಗಿ ಮಂಗಳೂರು. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ನಿಮ್ಮ ಮನೆಗೆ ಮೊದಲನೆಯದು ಯಾವುದು, ಅದರ ದಾರಿ ಕಟ್ಟಿದರೆ ಎರಡನೆಯದು ಯಾವುದು ಎಂಬುದನ್ನು ಇವತ್ತೇ ಬರೆದಿಡಿ.

ಇನ್ನು ತೋಟದವರಿಗೆ ಸಾಮಾನ್ಯವಾಗಿ ಎದುರಾಗುವ ಆರು ಸಂದರ್ಭಗಳನ್ನು ಒಂದೊಂದಾಗಿ ನೋಡೋಣ.

ಹಾವು ಕಡಿದಾಗ

ಇಲ್ಲಿ ಹತ್ತಿರದ ಆಸ್ಪತ್ರೆಯೇ ಮೊದಲು, ಅಲ್ಲಿ ವಿಷಕ್ಕೆ ಮದ್ದು ಇದೆಯೆಂದು ಗೊತ್ತಿದ್ದರೆ. ನಮ್ಮ ದೇಶದಲ್ಲಿ ದೊರೆಯುವ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ. ಕಾಫಿ ಬುಡದ ದರಗಿನಲ್ಲಿ, ಏಲಕ್ಕಿ ಹಿಂಡಲಿನಲ್ಲಿ ಮಲಗಿರುವ ಸಣ್ಣ ಗುಳಿಮಂಡಲಗಳ ವಿಷಕ್ಕೆ ಅದು ಸಾಲದು. ಅಂಥ ಕಡಿತಕ್ಕೆ ರಕ್ತ, ಮೂತ್ರಪಿಂಡಗಳನ್ನು ಗಮನಿಸುತ್ತ ಚಿಕಿತ್ಸೆ ಕೊಡಬೇಕಾಗುತ್ತದೆ. ಯಾವ ಹಾವೆಂದು ಗುರುತಿಸುವುದು ವೈದ್ಯರಿಗೆ ಬಿಟ್ಟದ್ದು. ಹಾವನ್ನು ಬೆನ್ನಟ್ಟಿ ಕೊಲ್ಲಹೋಗಿ ಎರಡನೆಯವರೂ ಕಡಿಸಿಕೊಳ್ಳುವುದು ಬೇಡ.

ಕಡಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಒಂದು ದಬ್ಬೆ ಇಟ್ಟು ಅಲುಗದಂತೆ ಸಡಿಲವಾಗಿ ಕಟ್ಟಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ರೋಗಿಯನ್ನು ನಡೆಸಬೇಡಿ. ಬಿಗಿಯಾಗಿ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸಲು ನಾಲ್ಕು ಮೈಲಿ ಸುತ್ತುವುದು ಇವೆಲ್ಲ ಕೇಡನ್ನೇ ಹೆಚ್ಚಿಸುತ್ತವೆ.

ಕಟ್ಟುಹಾವಿನ ವಿಚಾರ ಬೇರೆಯಾಗಿ ಹೇಳಬೇಕು. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಾಗಲಿ, ಬಾವಾಗಲಿ, ಗಾಯದ ಗುರುತಾಗಲಿ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಕಾಯದೆ ಹೊರಡಿ. ಇಂಥ ರೋಗಿಗೆ ವೆಂಟಿಲೇಟರ್ ಬೇಕಾಗಬಹುದು. ಕೊಳಕುಮಂಡಲ ಕಡಿದವರಿಗೆ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಬೇಕಾಗಬಹುದು. ಆದುದರಿಂದ ಹತ್ತಿರದಲ್ಲಿ ಮದ್ದು ಆರಂಭಿಸಿ, ಅಲ್ಲಿನ ಚೀಟಿ ಹಿಡಿದು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗುವುದೇ ಸರಿಯಾದ ಕ್ರಮ. ಆಸ್ಪತ್ರೆಯಲ್ಲಿ ಒಂದಿಷ್ಟು ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ತಿಳಿಯುತ್ತದೆ. ‘ಸುಮ್ಮನೆ ಕೂರಿಸಿದ್ದಾರೆ’ ಎಂದು ಜಗಳಕ್ಕೆ ಹೋಗಬೇಡಿ. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು 2024ರಿಂದ ನಮ್ಮ ರಾಜ್ಯದಲ್ಲಿ ನಿಯಮವಾಗಿದೆ.

ಎದೆನೋವು ಬಂದಾಗ

ನಮ್ಮ ಮನೆಗಳಲ್ಲಿ ಎದೆನೋವಿಗೆ ಮೊದಲ ಹೆಸರು ‘ಗ್ಯಾಸ್’. ಜೀರಿಗೆ ಕಷಾಯ, ಸೋಡಾ, ಬೆನ್ನು ನೀವುವುದು ಎನ್ನುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇದ್ದರೆ ಅದು ಹೃದಯದ್ದೆಂದೇ ತಿಳಿದು ಹೊರಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಮಾತ್ರ ಇರುವುದೂ ಉಂಟು. ರೋಗಿಯೇ ಜೀಪು ಅಥವಾ ಬೈಕು ಓಡಿಸಿಕೊಂಡು ಹೋಗಕೂಡದು.

ಇಲ್ಲಿ ಮೊದಲು ಬೇಕಾದದ್ದು ಇ.ಸಿ.ಜಿ. ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ಬೇಕಾದವರಿಗೆ ಈ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆ ಅದರಲ್ಲಿ ಸೇರಿದೆಯೇ ಎಂದು ವಿಚಾರಿಸಿ. ಸೇರಿದ್ದರೆ ಘಾಟಿ ಇಳಿಯುವ ಮೊದಲು ಅಲ್ಲಿಗೇ ಹೋಗುವುದು ಲೇಸು.

ಲಕ್ವ ಹೊಡೆದಾಗ

ಇದಕ್ಕೆ ತದ್ವಿರುದ್ಧವಾದುದು ಲಕ್ವ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ಹೊರಡಬೇಕು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಅಥವಾ ನಾಳ ಒಡೆದು ಸೋರಿದೆಯೋ ಎಂಬುದು ಸ್ಕ್ಯಾನಿಲ್ಲದೆ ತಿಳಿಯದು. ಒಂದಕ್ಕೆ ಅಮೃತವಾದ ಮದ್ದು ಇನ್ನೊಂದಕ್ಕೆ ವಿಷ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದುದರಿಂದ ರೋಗಿ ಕೊನೆಯದಾಗಿ ಸರಿಯಾಗಿದ್ದುದು ಎಷ್ಟು ಹೊತ್ತಿಗೆ ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಇದೇ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ತಿಕ್ಕಿಸುವ ಯೋಚನೆ ಆಮೇಲಿನದು.

ಮರದಿಂದ ಬಿದ್ದಾಗ

ಕೊಟ್ಟೆ ಕಟ್ಟುವಾಗ, ಕೊನೆ ತೆಗೆಯುವಾಗ, ಮರಗಸಿ ಮಾಡುವಾಗ ಬಿದ್ದವರನ್ನು ಇಬ್ಬರು ರಟ್ಟೆ, ಕಾಲು ಹಿಡಿದು ಎತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಮುರಿದ ಬೆನ್ನುಮೂಳೆಯೊಳಗಿನ ನರ ಹಾಗೆ ಎತ್ತುವಾಗಲೇ ತುಂಡಾಗಿ ಶಾಶ್ವತವಾಗಿ ಕಾಲು ಹೋಗಬಹುದು. ಬಿದ್ದವರನ್ನು ಬಿದ್ದಲ್ಲೇ ಇರಿಸಿ, ಒಬ್ಬರು ತಲೆ ಕುತ್ತಿಗೆಯನ್ನು ಅಲುಗದಂತೆ ಹಿಡಿದುಕೊಂಡು, ನಾಲ್ಕೈದು ಜನ ಒಟ್ಟಿಗೆ, ಮೈ ತಿರುಚದಂತೆ ಒಂದು ಅಗಲದ ಹಲಗೆ ಅಥವಾ ಕಳಚಿದ ಬಾಗಿಲಿನ ಮೇಲೆ ಸರಿಸಿ. ಕುತ್ತಿಗೆಯ ಎರಡು ಪಕ್ಕಕ್ಕೂ ಮಡಿಸಿದ ಕಂಬಳಿ ಒತ್ತಿಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ ತುಂಬಬೇಡಿ. ಪ್ರಜ್ಞೆ ತಪ್ಪಿ ಎದ್ದವರು ‘ಏನೂ ಆಗಿಲ್ಲ’ ಎಂದರೂ ಸ್ಕ್ಯಾನ್ ಇರುವ ಕಡೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ಮೇಲೂ ಕಾಣಿಸಿಕೊಳ್ಳಬಹುದು.

ಕರೆಂಟು ಹೊಡೆದಾಗ

ಅಲ್ಯೂಮಿನಿಯಂ ಏಣಿ, ಕಾರ್ಬನ್ ಫೈಬರ್ ದೋಟಿ ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಕರೆಂಟು ಹಿಡಿದವರನ್ನು ಮುಟ್ಟುವ ಮೊದಲು ಲೈನು ತೆಗೆಸಿ. ಮನೆಯ ಸಂಪರ್ಕವಾದರೆ ಮೇನ್ ಸ್ವಿಚ್ ಆರಿಸಿ. ದೊಡ್ಡ ಲೈನಾದರೆ ವಿದ್ಯುತ್ ಕಂಪೆನಿಗೆ ಫೋನು ಮಾಡಿ ಖಚಿತವಾಗುವವರೆಗೆ ಹತ್ತಿರ ಹೋಗಬೇಡಿ. ಮೇಲ್ನೋಟಕ್ಕೆ ಸಣ್ಣ ಸುಟ್ಟ ಗಾಯವಿದ್ದರೂ ಒಳಗೆ ಹೃದಯದ ಬಡಿತ ತಪ್ಪಿರಬಹುದು, ಇ.ಸಿ.ಜಿ. ತೆಗೆಸಲೇಬೇಕು.

ಸಿಂಪರಣೆಯ ವಿಷ ತಗಲಿದಾಗ

ಕೀಟನಾಶಕ ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ತೊಳೆಯಿರಿ. ಕೈಗವಸು ಹಾಕಿಕೊಂಡೇ ತೊಳೆಯಿರಿ. ಕಣ್ಣಿಗೆ ಸುಣ್ಣ ಅಥವಾ ಬೋರ್ಡೋ ದ್ರಾವಣ ಸಿಡಿದರೆ, ಹೊರಡುವ ಮೊದಲೇ, ಹರಿಯುವ ಶುದ್ಧ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆಯಬೇಕು. ಇಲ್ಲಿ ಮಾತ್ರ ತಡವಾದರೂ ಸರಿ, ತೊಳೆಯದೆ ಹೊರಡಬಾರದು. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಚೀಟಿ ಸಮೇತ ಕೊಂಡೊಯ್ಯಿರಿ: ಅದರ ಮೇಲೆ ರಾಸಾಯನಿಕದ ಹೆಸರು, ಪ್ರತಿವಿಷ ಎರಡೂ ಅಚ್ಚಾಗಿರುತ್ತವೆ. ವಿಷದ ಸಂಗತಿಯನ್ನು ಮಾನಕ್ಕೆ ಹೆದರಿ ‘ಜ್ವರ’ ಎಂದು ಮುಚ್ಚಿಟ್ಟರೆ ವೈದ್ಯರ ಕೈ ಕಟ್ಟಿದಂತಾಗುತ್ತದೆ.

ತುರ್ತು ಎನ್ನಿಸದ ಒಂದು ಸಂಗತಿಯನ್ನೂ ಸೇರಿಸುತ್ತೇವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಸೊಪ್ಪಿಗೋ ಸೌದೆಗೋ ಕಾಡಿಗೆ ಹೋಗಿದ್ದನ್ನೂ ಉಣ್ಣೆ ಕಚ್ಚಿದ್ದನ್ನೂ ತಾವಾಗಿಯೇ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ವಾಹನ ಮತ್ತು ದಾರಿ

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು, ಅದು ಉಚಿತ. 112ಕ್ಕೂ ಕರೆ ಮಾಡಬಹುದು. ಆದರೆ ತೋಟದ ಮನೆ ಹುಡುಕಿಕೊಂಡು ಬರುವುದು ಸುಲಭವಲ್ಲ. ಊರು, ಹತ್ತಿರದ ಬಸ್ ನಿಲ್ದಾಣ, ಶಾಲೆ ಅಥವಾ ದೇವಸ್ಥಾನ, ಅಲ್ಲಿಂದ ಎಷ್ಟು ದೂರ ಯಾವ ಕಡೆಗೆ ಎಂಬ ನಾಲ್ಕು ಮಾತನ್ನು ಬರೆದು ಫೋನಿನ ಹತ್ತಿರ ಅಂಟಿಸಿರಿ. ಗಾಬರಿಯಲ್ಲಿ ಯಜಮಾನರಿಗೂ ಊರ ಹೆಸರು ಮರೆಯುತ್ತದೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಯಾವುದೆಂದು ಮಕ್ಕಳಿಗೂ ಆಳುಗಳಿಗೂ ತಿಳಿದಿರಲಿ. ಒಬ್ಬರು ಟಾರ್ಚ್ ಹಿಡಿದು ಟಾರು ರಸ್ತೆಯ ತಿರುವಿನಲ್ಲಿ ನಿಲ್ಲಲಿ.

ಆಂಬುಲೆನ್ಸ್ ಬರಲು ಬಹಳ ಹೊತ್ತು ಹಿಡಿಯುವುದಾದರೆ ನಮ್ಮ ಜೀಪಿನಲ್ಲೇ ಹೊರಟು ದಾರಿಯಲ್ಲಿ ಸಂಧಿಸುವಂತೆ ಫೋನಿನಲ್ಲೇ ಗೊತ್ತು ಮಾಡಿಕೊಳ್ಳಬಹುದು. ರಾತ್ರಿ ಕರೆದರೆ ಬರುವ ಮೂರು ವಾಹನಗಳವರ ನಂಬರು ಬರೆದಿಡಿ, ಅವರಿಗೂ ತಿಳಿಸಿಡಿ. ಮಳೆಗಾಲದಲ್ಲಿ ಜೀಪಿನ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಿರಲಿ. ದಾರಿಗೆ ಬಿದ್ದ ಮರ ಕಡಿಯಲು ಒಂದು ಕತ್ತಿ, ಗರಗಸ, ಹಗ್ಗ ಹಿಂದೆ ಬಿದ್ದಿರಲಿ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ರಸ್ತೆ ಗುಡ್ಡ ಕುಸಿದು ಕಟ್ಟಿಹೋದುದು ನಮ್ಮ ನೆನಪಿನಲ್ಲಿದೆ. ಘಾಟಿ ತೆರೆದಿದೆಯೇ, ಆನೆ ರಸ್ತೆಯಲ್ಲಿದೆಯೇ ಎಂದು ಕೇಳಿಯೇ ಹೊರಡಿ.

ಕೈಚೀಲದಲ್ಲಿ ಏನಿರಬೇಕು?

ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಇವನ್ನು ಹಾಕಿ, ಮನೆಯವರೆಲ್ಲರಿಗೂ ಗೊತ್ತಿರುವ ಮೊಳೆಗೆ ತೂಗುಹಾಕಿರಿ:

1. ಆಧಾರ್, ರೇಷನ್ ಕಾರ್ಡ್, ಆರೋಗ್ಯ ಯೋಜನೆಗಳ ಕಾರ್ಡುಗಳ ಪ್ರತಿ.
2. ಪ್ರತಿಯೊಬ್ಬರ ಹೆಸರು, ವಯಸ್ಸು, ಇರುವ ಕಾಯಿಲೆ, ನುಂಗುವ ಮಾತ್ರೆ, ಒಗ್ಗದ ಔಷಧಿ ಬರೆದ ಒಂದು ಹಾಳೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.
3. ಹಳೆಯ ಡಿಸ್ಚಾರ್ಜ್ ಚೀಟಿ, ಕೊನೆಯ ಇ.ಸಿ.ಜಿ.
4. ಸ್ವಲ್ಪ ನಗದು, ಫೋನಿನ ಚಾರ್ಜರ್, ಟಾರ್ಚ್.
5. ಒಂದು ಜೊತೆ ಬಟ್ಟೆ, ಹೊದಿಕೆ, ಟವೆಲ್, ನೀರಿನ ಬಾಟ್ಲಿ.

ಜೊತೆಗೆ ಇಬ್ಬರು ಹೋದರೆ ಸಾಕು: ಒಬ್ಬರು ರೋಗಿಯ ಬಳಿ, ಇನ್ನೊಬ್ಬರು ಔಷಧಿ, ಚೀಟಿ, ರಕ್ತಕ್ಕೆ ಓಡಾಡಲು. ಘಟನೆಯನ್ನು ಕಣ್ಣಾರೆ ಕಂಡವರು ಅವರಲ್ಲಿ ಒಬ್ಬರಾಗಿರಲಿ. ಜೀಪಿನ ತುಂಬ ನೆಂಟರು ಹೋದರೆ ಮನೆಯಲ್ಲಿ ದನ ಕಟ್ಟಲು, ಕಣದ ಅಡಿಕೆ ಎತ್ತಲು ಯಾರೂ ಇರುವುದಿಲ್ಲ. ಮನೆಗೆ ಯಾರು ಎಂಬುದೂ ಸಿದ್ಧತೆಯ ಒಂದು ಭಾಗವೇ.

ಆಸ್ಪತ್ರೆಯ ಬಾಗಿಲಲ್ಲಿ

ತುರ್ತು ವಿಭಾಗದಲ್ಲಿ ಸರದಿ ಎಂಬುದು ಬಂದ ಹೊತ್ತಿನ ಮೇಲಲ್ಲ, ಅಪಾಯದ ಮೇಲೆ. ಬಂದವರನ್ನು ನೋಡಿ, ಈಗಲೇ ಜೀವಕ್ಕೆ ಅಪಾಯವಿದ್ದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡುವವರಿಗೆ ಹಸಿರು ಎಂದು ವಿಂಗಡಿಸುತ್ತಾರೆ. ನಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರೆ ನಮ್ಮವರ ಸ್ಥಿತಿ ಅಷ್ಟು ಕೆಟ್ಟಿಲ್ಲವೆಂದು ಸಮಾಧಾನ ಪಡಬೇಕು. ಆದರೆ ಕಾಯುತ್ತಿರುವಾಗ ಉಸಿರು ಏರಿದರೆ, ಪ್ರಜ್ಞೆ ಮಂಕಾದರೆ ಕೂಡಲೇ ನರ್ಸಿಗೆ ತಿಳಿಸಬೇಕು, ಸಂಕೋಚ ಬೇಡ.

ಹೇಳುವ ಮಾತು ಚಿಕ್ಕದಾಗಿರಲಿ: ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ದಾರಿಯಲ್ಲಿ ಏನು ಕೊಟ್ಟೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟ ಚುಚ್ಚುಮದ್ದಿನ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಮೊದಲು ಕೈಗಿಡಿ. ಸಾಧ್ಯವಿದ್ದರೆ ಹೊರಡುವ ಮೊದಲೇ ಅಲ್ಲಿನ ವೈದ್ಯರಿಂದ ದೊಡ್ಡಾಸ್ಪತ್ರೆಗೆ ಒಂದು ಫೋನು ಮಾಡಿಸಿ. ಹಾಸಿಗೆ ಇದೆಯೇ, ವೆಂಟಿಲೇಟರ್ ಖಾಲಿ ಇದೆಯೇ ಎಂಬುದು ಒಂದು ಫೋನಿನಲ್ಲಿ ತಿಳಿಯುತ್ತದೆ.

‘ಪೊಲೀಸ್ ಕೇಸ್ ಆಗುತ್ತದೆ’ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಅಪಘಾತ, ವಿಷ, ಮರದಿಂದ ಬಿದ್ದದ್ದು ಇಂಥವನ್ನು ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸುತ್ತಾರೆ. ಅದಕ್ಕಾಗಿ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ, ಕಾನೂನಿನ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ರಸ್ತೆಯಲ್ಲಿ ಗಾಯಗೊಂಡವರನ್ನು ತಂದು ಸೇರಿಸಿದವರನ್ನು ಸತಾಯಿಸಬಾರದೆಂದು 2016ರಲ್ಲಿ ಅದೇ ಕೋರ್ಟು ನಿಯಮಗಳಿಗೆ ಒಪ್ಪಿಗೆ ಕೊಟ್ಟು, 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಅದಕ್ಕೆ ರಕ್ಷಣೆಯೂ ಬಂದಿದೆ. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯಬಾರದೆಂಬುದು ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಲ್ಲೂ ಇದೆ.

ಖರ್ಚಿನ ಮಾತು

ಅಡಿಕೆ ಮಂಡಿಯಲ್ಲೋ ಕಾಫಿ ವ್ಯಾಪಾರಿಯಲ್ಲೋ ಸಾಲ ಎತ್ತಿ ಆಸ್ಪತ್ರೆಗೆ ಕಟ್ಟಿದ ಕುಟುಂಬಗಳು ಎಲ್ಲ ಊರಿನಲ್ಲೂ ಇವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಎಂದು ಪಟ್ಟಿ ಮಾಡಿದ ಚಿಕಿತ್ಸೆಗಳಿಗೆ ಬೇಕಿಲ್ಲ.

ಸಹಕಾರಿ ಸದಸ್ಯರಾದ ನಮಗೆ ಯಶಸ್ವಿನಿ ಯೋಜನೆಯೂ ಉಂಟು. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ನೋಂದಣಿ ಆರಂಭವಾದ ಈ ಯೋಜನೆಗೆ ವರ್ಷ ವರ್ಷವೂ ಹೆಸರು ನವೀಕರಿಸಬೇಕು. ಕಾಯಿಲೆ ಬಂದ ದಿನ ಹಣ ಕಟ್ಟಿ ಸೇರಿಕೊಳ್ಳಲು ಬರುವುದಿಲ್ಲ. ಯಾವ ಆಸ್ಪತ್ರೆಗಳು, ಯಾವ ಚಿಕಿತ್ಸೆಗಳು ಅದರಲ್ಲಿ ಸೇರಿವೆ ಎಂಬುದನ್ನು ಸಂಘದ ಕಾರ್ಯದರ್ಶಿಗಳಲ್ಲಿ ಕೇಳಿ, ನಿಮ್ಮ ದೊಡ್ಡಾಸ್ಪತ್ರೆಯ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ.

ಲೈನ್ ಮನೆಯವರನ್ನು ಮರೆಯದಿರೋಣ

ಮರ ಹತ್ತುವವರು, ಔಷಧಿ ಹೊಡೆಯುವವರು, ನೆಲದ ಮೇಲೆ ಮಲಗುವವರು ಬಹುಪಾಲು ನಮ್ಮ ಕೆಲಸದವರೇ. ಈಗ ಅಸ್ಸಾಮಿನಿಂದ, ಉತ್ತರದ ರಾಜ್ಯಗಳಿಂದ ಬಂದ ಕುಟುಂಬಗಳು ಎಷ್ಟೋ ತೋಟಗಳಲ್ಲಿವೆ. ಅವರಿಗೆ ಆಸ್ಪತ್ರೆಯ ದಾರಿ ಗೊತ್ತಿಲ್ಲ, ಕನ್ನಡ ಬಾರದು, ಯಜಮಾನರನ್ನು ರಾತ್ರಿ ಎಬ್ಬಿಸಲು ಅಂಜಿಕೆ. ಎಷ್ಟು ಹೊತ್ತಾದರೂ ಬಂದು ಬಾಗಿಲು ತಟ್ಟಬೇಕೆಂದು ಬಾಯಿಬಿಟ್ಟು ಹೇಳಿರಬೇಕಾದವರು ನಾವು. ಅವರ ಊರಿನಲ್ಲಿ ಪಡೆದ ಆಯುಷ್ಮಾನ್ ಕಾರ್ಡು ಯೋಜನೆಗೆ ಸೇರಿದ ಇಲ್ಲಿನ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಕಾರ್ಡು ಊರಿನಲ್ಲೇ ಉಳಿದಿದ್ದರೆ ತರಿಸಿಡಲು ಹೇಳಿ. ಊರಿನ ಒಬ್ಬರ ಫೋನ್ ನಂಬರನ್ನು ಹಾಜರಿ ಪುಸ್ತಕದಲ್ಲೇ ಬರೆದುಕೊಳ್ಳಿ. ಮಾತು ತಿಳಿಯುವ ಮೇಸ್ತ್ರಿಯನ್ನೋ ರೈಟರನ್ನೋ ಜೊತೆಗೆ ಕಳುಹಿಸಿ.

ಈ ತಿಂಗಳೇ ಮಾಡಬಹುದಾದದ್ದು

ಇಷ್ಟನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಈ ಭಾನುವಾರ ಮನೆಯವರು, ಮೇಸ್ತ್ರಿ ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಆಸ್ಪತ್ರೆಗಳ ಹೆಸರು, ಎರಡು ದಾರಿ, ಮೂರು ವಾಹನಗಳ ನಂಬರು ಬರೆದು ಗೋಡೆಗೆ ಅಂಟಿಸಿದರೆ ಮೊದಲ ಕೆಲಸ ಮುಗಿಯಿತು. ಮುಂದಿನ ವಾರ ಚೀಲ. ಸಂತೆಗೆ ಹೋದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಐದು ಪ್ರಶ್ನೆ. ನೆರೆಹೊರೆಯ ನಾಲ್ಕು ಮನೆಗಳವರು ಸೇರಿ ಯಾರ ಜೀಪು ಯಾವ ದಿನ ಊರಲ್ಲಿರುತ್ತದೆ ಎಂದು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಸಹಕಾರವೆಂದರೆ ಅಡಿಕೆ ತೂಗುವುದಕ್ಕೆ ಮಾತ್ರವಲ್ಲವಷ್ಟೆ.

ಬರೆದಿಟ್ಟ ಹಾಳೆ ಗೋಡೆಯ ಮೇಲೆಯೇ ಹಳದಿಯಾಗಿ ಹೋಗಲಿ, ಅದನ್ನು ಬಳಸುವ ಪ್ರಸಂಗ ಯಾವ ಸದಸ್ಯರ ಮನೆಗೂ ಬಾರದಿರಲಿ ಎಂದೇ ನಾವು ಹಾರೈಸುತ್ತೇವೆ. ಬಂದರೆ ಅಂಗಳದಲ್ಲಿ ಚರ್ಚೆಗೆ ನಿಲ್ಲದೆ ಹೊರಡುವಂತಿರಲಿ.